ಮಾಳಿಗೆಯ ಮೇಲಿನ ಡಬ್ಬಿ

ಹಿರೇಕೆರೂರು, ಸೋಮವಾರ

ವೀರಭದ್ರಣ್ಣನವರಿಗೆ,

ಆಪರೇಷನ್ ಆದ ಮೊಣಕಾಲು ಈಗ ಮಡಚಲು ಬರುತ್ತಿರಬೇಕು. ನಮ್ಮ ಇಂಟರ್‌ನೆಟ್ ಕಂಪನಿಯ ಮೂರು ತಿಂಗಳ ಲೆಕ್ಕ ಇದರ ಜೊತೆಗಿದೆ. ಮೊದಲ ಸಲ ಲಾಭ ಬಂದಿದೆ. ಖುಷಿಪಡುವ ಮೊದಲು ಉಳಿದದ್ದನ್ನೂ ಓದಿಬಿಡಿ.

ಓಣಿಗೆಲ್ಲ ಲೈನ್ ಹಂಚುವ ಕೇಬಲ್ ಡಬ್ಬಿ ಕೂರಿಸಲು ಮಾಳಿಗೆ ಕೊಟ್ಟ ಮನೆಗಳಿಗೆ ನೀವು ಪುಕ್ಕಟೆ ಕನೆಕ್ಷನ್ ಕೊಟ್ಟಿದ್ದಿರಿ. ನೀವು ಆಸ್ಪತ್ರೆ ಸೇರಿದ ಮೇಲೆ ನಾನು ಅವರಿಗೂ ಬಿಲ್ ಕಳಿಸಿದೆ. ಎಲ್ಲರೂ ತಕರಾರು ಮಾಡದೆ ಹಣ ತುಂಬಿದರು. ಲಾಭ ಬಂದದ್ದು ಅಲ್ಲಿಂದಲೇ.

ಅಬಲೂರಿನ ನೀಲವ್ವನವರೂ ತುಂಬಿದರು. ಮರುದಿನ ಡಬ್ಬಿ ಬಿಚ್ಚಿಸಿ ಕೆಳಗಿಳಿಸಿದರು. ಈಗ ಆ ಓಣಿಗೆಲ್ಲ ಇಂಟರ್‌ನೆಟ್ ಇಲ್ಲ. ನಾನೇ ಹೋದೆ. ಚಹಾ ಕೊಟ್ಟು, "ರೊಕ್ಕಾ ಕೊಟ್ಟೇನಿ, ಇನ್ನ ನಾನೂ ಗಿರಾಕಿನ. ಗಿರಾಕಿ ಮಾಳಿಗಿ ಮ್ಯಾಲ ನಿಮ್ಮ ಡಬ್ಬಿ ಯಾಕ ಇರಬೇಕವಾ?" ಎಂದರು. ಡಬ್ಬಿಯನ್ನು ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದಾರೆ. "ವೀರಭದ್ರ ಬರ್ಲಿ, ಅವನ ಕೈಯಾಗ ಕೊಡ್ತೇನಿ" ಎನ್ನುತ್ತಾರೆ.

ಇದನ್ನು ಬರೆಯುವಾಗ ಚಿಕ್ಕೇರೂರಿನಿಂದ ಮತ್ತೆ ಫೋನ್ ಬಂತು. ಎತ್ತಲಿಲ್ಲ. ಅಲ್ಲಿಯೂ ಒಂದು ಮಾಳಿಗೆಯ ಮೇಲೆ ನಮ್ಮ ಡಬ್ಬಿಯಿದೆ.

ಕುಂತಲ್ಲಿಂದಲೇ ನೀಲವ್ವನವರಿಗೆ ಒಂದು ಫೋನ್ ಮಾಡಿ. ಲಾಭದ ಸುದ್ದಿ ಮಾತ್ರ ಹೇಳಬೇಡಿ.

ನಿಮ್ಮ ಆಫೀಸಿನ
ಗುಲ್ನಾರ