ತಲೆಯ ಮೇಲೆ ಹರಿಯುವ ನದಿ

ಜುಲೈ 3, ಬೆಳಗ್ಗೆ 7.40

ತಾತನಿಗೆ ಡ್ರಾಪ್ಸ್ ಹಾಕಿದ್ದಾಯಿತು. ಮತ್ತೆ ಕವುಚಿ ಮಲಗಿದರು. ಹಣೆ ದಿಂಬಿನ ಅಂಚಿಗೆ, ಮುಖ ನೆಲಕ್ಕೆ. ಮೈಸೂರಿನ ಡಾಕ್ಟರ್ ಬಲಗಣ್ಣಿನೊಳಗೆ ಗ್ಯಾಸಿನ ಗುಳ್ಳೆ ತುಂಬಿ ಕಳಿಸಿದ್ದಾರೆ. ಹತ್ತು ದಿನ ಮುಖ ಎತ್ತಬಾರದು. ಎತ್ತಿದರೆ ಕಣ್ಣೊಳಗಿನ ಹರಿದ ಪರದೆ ಕೂಡಿಕೊಳ್ಳುವುದಿಲ್ಲ. ಎಡಗಣ್ಣು ಹೋಗಿ ಆರು ವರ್ಷ. ಉಳಿದಿರುವುದು ಇದೊಂದೇ.

ಎರಡನೆಯ ದಿನಕ್ಕೇ ಸಾಕಾಗಿದೆ ಅವರಿಗೆ. ಗಮಕ ಸಭೆಗಳಲ್ಲಿ ಪದ್ಯಗಳಿಗೆ ವ್ಯಾಖ್ಯಾನ ಹೇಳಿಕೊಂಡು ಮೂವತ್ತು ವರ್ಷ ಕಳೆದವರು — ಜನರ ಮುಖ ನೋಡದೆ ಇರಲಾರರು. ನಿನ್ನೆ ಎರಡು ಸಲ ಎದ್ದು ಕೂತರು. ಅಮ್ಮ ಅತ್ತಳು. ರೇಡಿಯೊ ಬೇಡ, ಪ್ರವಚನ ಬೇಡ. ಫೋನಿನಲ್ಲಿ ನಾನು ಸದಾ ನೋಡುವುದೇನು, ಅದನ್ನು ಹೇಳು ಅಂದರು.

ಜಪಾನಿನ ಕಾರ್ಟೂನ್ ಧಾರಾವಾಹಿ, ಅನಿಮೆ. ತಾತನಿಗೆ...

ಸಂಜೆ

ಹೇಳಿದೆ. ನೆಲದ ಮೇಲೆ ಕೂತು. ಕಾಲೇಜಿನ ಸೆಮಿನಾರಿನಲ್ಲಿ ಎದುರಿನ ಮುಖಗಳನ್ನು ನೋಡಿ ಎರಡೇ ನಿಮಿಷಕ್ಕೆ ಕೂತುಬಿಟ್ಟವಳು — ಇಲ್ಲಿ ಮುಕ್ಕಾಲು ಗಂಟೆ.

ಆಕಾಶದಲ್ಲಿ ಮುನ್ನೂರು ವರ್ಷದಿಂದ ಸಾಗುತ್ತಿರುವ ಹಡಗು. ಪೀಪಾಯಿಯಂತೆ ದುಂಡಗೆ, ಸದಾ ತಿರುಗುತ್ತಲೇ ಇರುತ್ತದೆ. ಒಳಗೋಡೆಯ ಮೇಲೆಯೇ ಊರು, ಗದ್ದೆ, ಒಂದು ನದಿ. ನದಿ ಗೋಡೆ ಹತ್ತಿ, ತಲೆಯ ಮೇಲೆ ಹರಿದು, ಆಚೆಯಿಂದ ಇಳಿದು ಬರುತ್ತದೆ. ಕತ್ತೆತ್ತಿದರೆ ತಲೆಕೆಳಗಾದ ದೋಣಿಗಳು. ಮಿಯೊ ಅನ್ನುವ ಹುಡುಗಿ ದಿನವೂ ನೀರಿನ ಮಟ್ಟ ಅಳೆಯುತ್ತಾಳೆ. ಮಟ್ಟ ಒಂದು ಕೂದಲೆಳೆ ಓರೆಯಾಗಿದೆ. ಅಂದರೆ ಹಡಗು ನಿಧಾನವಾಗುತ್ತಿದೆ. ಅವಳನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

"ಮೇಲಿನ ನೀರು ಬೀಳಲ್ವೇನೇ?"

ಚೊಂಬಿಗೆ ನೀರು ತುಂಬಿ, ಹಗ್ಗ ಕಟ್ಟಿ ಗಿರ್ರನೆ ತಿರುಗಿಸಿದ ಹಾಗೆ ಅಂದೆ. ಮಂಚದಿಂದ ಇಳಿಬಿಟ್ಟ ಬೆರಳಲ್ಲಿ ಒಂದು ಸುತ್ತು ಎಳೆದರು. ಆಮೇಲೆ ನೆಲಕ್ಕೇ ಹೇಳಿದರು, "ಎಂಥಾ ಕಲ್ಪನೆ ಕಣೇ." ಏಳಲಿಲ್ಲ.

ಮೊದಲು ನೋಡಿದಾಗ ನನಗೂ ಹೀಗೇ. ಮರುದಿನ ಕಪಿಲೆಯ ಸೇತುವೆ ಮೇಲೆ ಬಸ್ಸು ಹೋಗುವಾಗ ಎಲ್ಲರೂ ಕೆಳಗೆ ನೋಡಿದರು. ನಾನು ಮೇಲೆ.

ಜುಲೈ 6

ಬೆಳಗ್ಗೆ ಒಂದು, ಸಂಜೆ ಒಂದು ಎಪಿಸೋಡ್. ಇವತ್ತು ಟಿ. ನರಸೀಪುರದಿಂದ ಪುಟ್ಟಬಸವಯ್ಯನವರು ಬಂದರು. ಸಭೆಯಲ್ಲಿ ಪದ್ಯ ಹಾಡುವವರು ಅವರು, ಅರ್ಥ ಹೇಳುವವರು ತಾತ.

"ಏನ್ ಸ್ವಾಮಿ, ಉಂಗ್ರ ಬಿದ್ದೋಯ್ತಾ, ನೆಲ ಉಡುಕ್ತಿದ್ದೀರಿ?"

"ನಿಮ್ಮ ರಾಗ ಬಿದ್ದುಹೋಗಿತ್ತು. ಹುಡುಕ್ತಿದ್ದೆ."

ಅವರು ಎದುರಿಗೆ ಕೂತದ್ದೇ ನನ್ನ ಮಾತು ನಿಂತಿತು. ತಾತ ಮಿಸುಕಾಡಿದರು, ಮೊಣಕೈ ಊರಿದರು. ಪುಟ್ಟಬಸವಯ್ಯ ನೋಡಿ, ಏನೂ ಕೇಳದೆ ಗೋಡೆ ಕಡೆ ತಿರುಗಿ ಕೂತರು. "ಯೋಳವ್ವ." ಹೇಳಿದೆ. ಕೇಳುತ್ತಾ ನಾಲ್ಕೂವರೆಯ ಬಸ್ಸು ತಪ್ಪಿಸಿಕೊಂಡರು.

ಜುಲೈ 8

ಕಷ್ಟ ಶುರು. ಹತ್ತನೆಯ ಎಪಿಸೋಡಿನಲ್ಲಿ ಹಳೆಯದನ್ನೇ ಮತ್ತೆ ತೋರಿಸುತ್ತಾರೆ. ಬೆಳಗ್ಗೆ ಹಾಗೇ ಹೇಳಿದೆ. "ಆಗಿದ್ದೇ ಆಗ್ತಿದೆಯಲ್ಲ" ಅಂತ ಏಳಲು ಹೋದರು. ಭುಜ ಒತ್ತಿ ಹಿಡಿದೆ.

ಹನ್ನೊಂದನೆಯದು ಇನ್ನೂ ಕೆಟ್ಟದ್ದು. ಎಲ್ಲಿಂದಲೋ ರೋಬೋಗಳು, ಬರೀ ಹೊಡೆದಾಟ. ಆಟಿಕೆ ಮಾರಲಿಕ್ಕಿರಬೇಕು. ಒಬ್ಬಳೇ ಎಲ್ಲ ಕಂಡುಹಿಡಿದ ಮಿಯೊ ಈಗ ಹಡಗಿನ ಕ್ಯಾಪ್ಟನ್ ಬೆನ್ನ ಹಿಂದೆ ಅಳುತ್ತಾ ನಿಲ್ಲುತ್ತಾಳೆ. ನದಿ ಕಾಣಿಸುವುದೇ ಇಲ್ಲ. ಇದನ್ನು ಹೇಳಿದರೆ ತಾತ ಎದ್ದೇ ಬಿಡುತ್ತಾರೆ.

ಸಂಜೆ ರೋಬೋಗಳನ್ನು ತೆಗೆದುಹಾಕಿದೆ. ಮಿಯೊಳನ್ನು ದೋಣಿ ಹತ್ತಿಸಿದೆ. ಮಟ್ಟ ಅಳೆಯುತ್ತಾ ಅಳೆಯುತ್ತಾ ನದಿಯ ನೆತ್ತಿಯವರೆಗೆ ಹೋದಳು. ತಾತ ಅಲುಗಲಿಲ್ಲ.

ಜುಲೈ 9

ಸಿಕ್ಕಿಬಿದ್ದೆ.

"ನಿನ್ನೆ ಸಂಜೆಯದು ಅವರದ್ದಲ್ಲ. ನಿನ್ನದು."

ಹೇಗೆ ಗೊತ್ತಾಯಿತು ಅಂದೆ. ಬೇರೆ ದಿನ ನೆನೆದು ನೆನೆದು ಹೇಳುವ ನನ್ನ ದನಿ ನಿನ್ನೆ ಒಂದು ಸಲವೂ ತಡವರಿಸಲಿಲ್ಲವಂತೆ.

ಬೈಯಲಿಲ್ಲ. ವ್ಯಾಖ್ಯಾನಕಾರ ತನ್ನದನ್ನು ಸೇರಿಸಬಹುದು, ಆದರೆ ಕವಿಯದು ಇಲ್ಲಿಯವರೆಗೆ, ಇದು ನನ್ನದು ಅಂತ ಗೆರೆ ಎಳೆದು ಹೇಳಬೇಕು ಅಂದರು. "ಕೇಳೋರಿಗೆ ಮೋಸ ಮಾಡಬಾರದು. ಈಗ ಅವರದ್ದು ಹೇಳು, ಎಷ್ಟು ಕೆಟ್ಟಿದೆ ನೋಡೋಣ."

ರೋಬೋ ಜಗಳ ಇದ್ದ ಹಾಗೇ ಹೇಳಿದೆ. ತಾತ ಮಂಚ ಅಲ್ಲಾಡುವಂತೆ ನಕ್ಕರು. ಅಮ್ಮ ಗಾಬರಿಯಾಗಿ ಓಡಿಬಂದಳು. ಮುಖ ನೆಲಕ್ಕೇ ಇತ್ತು.

ಜುಲೈ 12, ಮಧ್ಯಾಹ್ನ

ಆಸ್ಪತ್ರೆಯಿಂದ ಬಂದೆವು. ಪರದೆ ಕೂಡಿಕೊಂಡಿದೆ. ಇನ್ನು ಕೂರಬಹುದು. ಅಮ್ಮ ಕಾರಿಡಾರಿನಲ್ಲೇ ನಿಂತು ಪುಟ್ಟಬಸವಯ್ಯನವರಿಗೆ ಫೋನ್ ಮಾಡಿದಳು. ಗುಳ್ಳೆ ಇನ್ನೂ ಅರ್ಧ ಇದೆ. ಮೇಲರ್ಧ ಚೆನ್ನಾಗಿ ಕಾಣುತ್ತದಂತೆ, ಕೆಳಗರ್ಧ ತುಳುಕುವ ನೀರಂತೆ.

ಸಂಜೆ 5.20

ಕೊನೆಯ ಎಪಿಸೋಡ್ ಬಾಕಿ. ನೀವೇ ನೋಡಿ ತಾತ ಅಂತ ಫೋನ್ ಕೊಟ್ಟೆ. ತೆಗೆದುಕೊಳ್ಳಲಿಲ್ಲ. ನೀನೇ ಹೇಳು ಅಂದರು.

ಮಾಡುವವರಿಗೆ ಸಮಯ ಸಾಲದೆ ಹೋಯಿತೋ ಏನೋ, ಇದರಲ್ಲಿ ಚಿತ್ರಗಳು ಚಲಿಸುವುದೇ ಇಲ್ಲ. ಪೆನ್ಸಿಲ್ ಗೆರೆ, ಬಣ್ಣವೂ ಇಲ್ಲ. ದನಿ ಮಾತ್ರ. ನೋಡಿದವರೆಲ್ಲ ಬೈದಿದ್ದಾರೆ. ನಾನು ಹನ್ನೊಂದು ಸಲ ನೋಡಿದ್ದೇನೆ. ಊರಿನವರ ಮುಂದೆ ನಿಂತು ಮಿಯೊ ಬಾಯಿ ತೆರೆಯುವಾಗ ಪ್ರತಿ ಸಲವೂ ಉಸಿರು ಮರೆಯುತ್ತದೆ.

ತಾತ ಗೋಡೆಗೊರಗಿ ಕೂತಿದ್ದಾರೆ. ಮುಖ ನನ್ನ ಕಡೆ. ಪುಟ್ಟಬಸವಯ್ಯನವರೂ ಬಂದಿದ್ದಾರೆ. ಇವತ್ತು ಅವರು ಗೋಡೆ ಕಡೆ ತಿರುಗಲಿಲ್ಲ. ನೀರು ಕುಡಿದು ಬರುತ್ತೇನೆ ಅಂತ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ತಾತ ಹೊರಗಿಂದ ಹೇಳುತ್ತಿದ್ದಾರೆ — "ವಿಭಾ, ನನಗೆ ನಿನ್ನ ಹಣೆ ಮಾತ್ರ ಕಾಣೋದು. ಬಾಯಿ ಇನ್ನೂ ನೀರೊಳಗಿದೆ. ಬಾ."

ಹೋಗುತ್ತೇನೆ. ಮೊದಲ ಚಿತ್ರ: ಮಿಯೊ ನಿಂತಿದ್ದಾಳೆ, ಎದುರಿಗೆ ಇಡೀ ಊರು, ಅವಳು —