ಕಂಬದ ಬುಡದಲ್ಲಿ ನಿನ್ನ ಹೆಸರು

ಲಿಸ್ಬನ್. ಸಂಜೆಯ ಪ್ರಾರ್ಥನೆಯ ಗಂಟೆ ಈಗಷ್ಟೇ ನಿಂತಿತು.

ತಮ್ಮಾ ಲೊರೆನ್ಸೊ,

ಈ ಕಾಗದವನ್ನು ನಿನಗೆ ಮುಟ್ಟಿಸುವ ಹಡಗಿಲ್ಲ, ಆದರೂ ಬರೆಯುತ್ತಿದ್ದೇನೆ. ಹೊಸ ದಡ ಸಿಕ್ಕಲ್ಲಿ ನೆಡಲು ಹಡಗಿನವರು ಒಯ್ಯುವ ಕಲ್ಲುಕಂಬಕ್ಕೆ ಇವತ್ತು ರಾಜಲಾಂಛನ ಕೊರೆದು ಮುಗಿಸಿದೆ. ‘ಈ ನೆಲವನ್ನು ಕಂಡುಹಿಡಿಯಲಾಯಿತು’ ಎಂದೂ ಬರೆದಾಯಿತು. ಯಾವ ನೆಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಇದನ್ನು ಕಂಡಿದ್ದರೆ ನೀನು ಎಷ್ಟು ನಗುತ್ತಿದ್ದೆ!

ಆಮೇಲೆ, ಮಣ್ಣಿನೊಳಗೆ ಹೂತುಹೋಗುವ ಬುಡದಲ್ಲಿ ನಿನ್ನ ಹೆಸರು ಕೊರೆಯತೊಡಗಿದೆ. ಮೇಸ್ತ್ರಿ ಬಾಲ್ಟಜಾರ್ ನೋಡಿಬಿಟ್ಟರು.

“ಏಯ್ ಗಾಸ್ಪರ್, ತಲೆ ನೆಟ್ಟಗಿದೆಯೇನೋ? ಅದು ರಾಜರ ಕಲ್ಲು! ಯಾರಾದ್ರೂ ಕಂಡ್ರೆ ನಿನ್ ಕೈ ಹೋಗುತ್ತೆ.”

“ಬುಡ ಯಾರು ನೋಡ್ತಾರೆ ಮೇಸ್ತ್ರಿಗಳೇ? ಎರೆಹುಳ ಓದುತ್ತಾ?”

“ನಿನ್ ತಮ್ಮ ಬದುಕಿದ್ದಾಗ್ಲೂ ಹೀಗೇ. ಕರೀದೇ ಇದ್ರೂ ನುಗ್ಗಿ ಕೂತ್ಕೋತಿದ್ದ.”

“ಅವನಿಗೊಂದು ಸಮಾಧಿಕಲ್ಲೂ ಇಲ್ಲ. ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗೀರಿ. ಇದು ಮುಗಿಸದೆ ಏಳೋದಿಲ್ಲ.”

ಅವರು ಬಗ್ಗಿ, ಕೊರೆದ ಅಕ್ಷರಗಳ ಮೇಲೆ ಬೆರಳಾಡಿಸಿದರು. ಕೊನೆಗೆ, “ಆಳವಾಗಿ ಕೊರಿಯೋ. ಇಷ್ಟು ತೆಳ್ಳಗಿದ್ರೆ ಸಾಗಿಸೋವಾಗ್ಲೇ ಸವೆದುಹೋಗುತ್ತೆ” ಎಂದು ಬಾಗಿಲು ಎಳೆದುಕೊಂಡು ಹೋದರು.

ದೂರದ ದಡದಲ್ಲಿ ನಿನ್ನನ್ನು ಹೂತ ಮರಳಿನಲ್ಲಿ ಮರದ ಶಿಲುಬೆ ನೆಟ್ಟೆವೆಂದು ಹಡಗಿನಲ್ಲಿ ಮರಳಿ ಬಂದ ನಿನ್ನ ಜೊತೆಯವರು ಹೇಳಿದ್ದರು. ಆ ಗಾಳಿಯಲ್ಲಿ ಮರ ಎಷ್ಟು ಕಾಲ ಬಾಳೀತು? ಈ ಕಲ್ಲು ಬಾಳುತ್ತದೆ. ನೀನು ನೋಡಬೇಕೆಂದಿದ್ದ ದಡಕ್ಕೂ ಆಚೆ ಹೋಗಿ ನಿಲ್ಲುತ್ತದೆ.

ನೀನು ಹಡಗು ಹತ್ತಿದ ದಿನ ಕೈ ಬೀಸಲು ಅಮ್ಮ ಒಬ್ಬಳೇ ಬಂದಿದ್ದಳು.

ನಾಳೆ ಬೆಳಿಗ್ಗೆ ಎತ್ತಿನಗಾಡಿಯಲ್ಲಿ ಕಂಬ ನದಿ ದಂಡೆಗೆ ಹೋಗುತ್ತದೆ. ಈ ಸಲ ಗಾಡಿಯ ಜೊತೆ ನಾನೂ ನಡೆದು ಹೋಗುತ್ತೇನೆ.