ಸೊಟ್ಟ ಲೋಟ

ಮಾರ್ಚ್ ೧೧, ಮಂಗಳವಾರ

ಅಂಗಡಿಯವರು ನನ್ನ ಮಣ್ಣಿನ ಲೋಟಗಳನ್ನು ವಾಪಸ್ ಕಳಿಸಿದ್ದಾರೆ. ಒಡೆದಿವೆ ಅಂತಲ್ಲ. ಎಲ್ಲವೂ ಒಂದೇ ಥರ ಇವೆಯಂತೆ. ಮಿಷನ್ನಿನಲ್ಲಿ ಮಾಡಿದ್ದೆಂದು ಗಿರಾಕಿಗಳು ಮುಟ್ಟುವುದೇ ಇಲ್ಲವಂತೆ. ನನಗೆ ಕೆಲಸ ಕಲಿಸುವಾಗ ಅಂಚು ಕೂದಲೆಳೆಯಷ್ಟು ಸೊಟ್ಟಗಾದರೂ ಅಪ್ಪ ಮುದ್ದೆ ಮಾಡಿ ಮತ್ತೆ ತಿಗರಿ ಚಕ್ರಕ್ಕೆ ಹಾಕಿಸುತ್ತಿದ್ದ.

ಮಾರಾಟ ನೋಡಿಕೊಳ್ಳುವ ತಂಗಿ, "ಅಕ್ಕಾ, ಸ್ವಲ್ಪ ಸೊಟ್ಟ ಮಾಡೇ. ಕೈಯಲ್ಲಿ ಮಾಡಿದ್ದು ಅಂತ ಗೊತ್ತಾಗ್ಲಿ," ಎಂದಳು.

"ಮತ್ತೆ ಇಷ್ಟು ದಿನ ಕಾಲಲ್ಲಿ ಮಾಡಿದ್ನಾ?"

ಅವಳು ನಗಲಿಲ್ಲ. ನಮ್ಮ ಲೋಟ ಕೊಳ್ಳುವುದು ಆ ಒಂದೇ ಅಂಗಡಿ.

ಸಂಜೆಯೆಲ್ಲ ಕೂತರೂ ನನಗೆ ಸೊಟ್ಟ ಬರಲಿಲ್ಲ, ಸೊಂಟ ಬಿದ್ದುಹೋಯಿತು. ಕೊನೆಗೆ ಅವಳೇ ಕೂತು ಒಂದು ಮಾಡಿದಳು. ಅವಳು ಕಳಿಸಿದ ಫೋಟೊ ನೋಡಿದ ಅಂಗಡಿಯವರು, "ಇದೇ ಮಾದರಿ, ಇಂಥದ್ದೇ ಬೇಕು," ಅಂದರಂತೆ.

ಒಣಗಲು ಇಡುವಾಗ ನನ್ನ ಹೆಬ್ಬೆರಳು ಅದರ ಅಂಚನ್ನೂ ತಿದ್ದಿ ನೆಟ್ಟಗೆ ಮಾಡಿಬಿಟ್ಟಿದೆ. ತಂಗಿ ಮಲಗಿದ್ದಾಳೆ. ಬೆಳಿಗ್ಗೆ ಏನಂತ ಹೇಳಲಿ?